ಭಂಗಾರದ ತಕ್ಕಡಿಯಿಂದ ಹಿಂದಿರುಗಿದ ಹೊಲಿಗೆ ಯಂತ್ರ

ಸೊಲ್ಲಾಪುರದ ನಮ್ಮ ಓಣಿಗಳಲ್ಲಿ ಕೈಗಾಡಿ ತಳ್ಳಿಕೊಂಡು ಬರುವವನ ಕೂಗು 'ಭಂಗಾರ, ಭಂಗಾರ' ಎಂದಿರುತ್ತದೆ. ಮರಾಠಿಯಲ್ಲಿ ಆ ಮಾತಿಗೆ ಮುರುಕು ಸಾಮಾನು, ಗುಜರಿ ಎಂದು ಅರ್ಥ. ಕನ್ನಡದ ಕಿವಿಗೆ ಅದು ಚಿನ್ನವೆಂದೇ ಕೇಳಿಸುತ್ತದೆ. ಎರಡಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಎರಡು ನುಡಿಗಳ ನಡುವೆ ಬಾಳುವ ನಮಗೆ ಈ ಶ್ಲೇಷೆ ಹೊಸದೇನಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಆ ಕೈಗಾಡಿಯ ಮೇಲೆ ಹೋಗುತ್ತಿರುವ ವಸ್ತುಗಳನ್ನು ನೋಡಿದಾಗ, ಕೂಗುವವನ ಉಚ್ಚಾರ ಸರಿಯೋ ಕೇಳುವವರ ಅರ್ಥ ಸರಿಯೋ ಎಂಬ ಸಂಶಯ ನಮಗೆ ಬಂದಿದೆ. ತಾಮ್ರದ ಹಂಡೆ, ಹಿತ್ತಾಳೆಯ ಸಮೆ, ಇವುಗಳ ಜೊತೆಗೆ ಕಪ್ಪು ಬಣ್ಣದ, ಹೊನ್ನಿನ ಅಕ್ಷರ ಅಳಿಸಿಹೋದ ಬೀಡುಕಬ್ಬಿಣದ ಹೊಲಿಗೆ ಯಂತ್ರಗಳೂ ತೂಕಕ್ಕೆ ಹೋಗುತ್ತಿವೆ.

ಈ ಲೇಖನ ಅಂಥ ಒಂದು ಯಂತ್ರದ ಕುರಿತು. ಅದು ತಕ್ಕಡಿಯವರೆಗೆ ಹೋಗಿ ಮರಳಿ ಬಂದಿತು. ಹೇಗೆ ಬಂದಿತು, ಬಂದ ಮೇಲೆ ಅದಕ್ಕೆ ಏನೇನು ಮಾಡಬೇಕಾಯಿತು ಎಂಬುದನ್ನು ವಿವರವಾಗಿಯೇ ಬರೆಯುತ್ತೇವೆ. ಇಂಥ ಯಂತ್ರ ತಮ್ಮ ಮನೆಯ ಮೂಲೆಯಲ್ಲಿಯೂ ಇರುವ ವಾಚಕರು ನಮ್ಮಲ್ಲಿ ಹಲವರಿದ್ದಾರೆ.

ಸೊಲ್ಲಾಪುರ ಗಿರಣಿಗಳ ಊರು. 1870ರ ದಶಕದಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಕಟ್ಟಿದಂದಿನಿಂದ ಬಟ್ಟೆಯೇ ಈ ಊರಿನ ಅನ್ನ. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಭೋಂಗಾ ನಿಂತುಹೋಯಿತು. ಚಾದರ, ಟವೆಲುಗಳ ಮಗ್ಗಗಳು ಉಳಿದುಕೊಂಡವು. ಅವುಗಳ ಜೊತೆಗೆ ಶಾಲಾ ಸಮವಸ್ತ್ರ ಹೊಲಿಯುವ ಉದ್ಯೋಗ ಬೆಳೆಯಿತು. ಈ ಉದ್ಯೋಗದ ದೊಡ್ಡ ಪಾಲು ಕೆಲಸ ನಡೆಯುವುದು ಕಾರ್ಖಾನೆಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ವ್ಯಾಪಾರಿ ಕತ್ತರಿಸಿದ ಅರಿವೆಯ ಗಂಟು ಕೊಡುತ್ತಾನೆ. ಹೆಂಗಸರು ಮನೆಗೆ ಒಯ್ದು ಹೊಲಿದು ತಂದು ನಗಕ್ಕೆ ಇಷ್ಟೆಂದು ಮಜೂರಿ ಪಡೆಯುತ್ತಾರೆ. ಯಂತ್ರವಿದ್ದವರಿಗೆ ಹೊಲಿಗೆಯ ಗಂಟು. ಯಂತ್ರವಿಲ್ಲದವರಿಗೆ ಗುಂಡಿ ಹಚ್ಚುವುದು, ದಾರದ ತುದಿ ಕತ್ತರಿಸುವುದು, ಕೈಹೊಲಿಗೆ. ಎರಡರ ಮಜೂರಿಗೂ ಅಜಗಜಾಂತರ.

ನಾವು ಹೇಳಹೊರಟಿರುವ ಯಂತ್ರದ ಒಡತಿ ಗುಂಡಿ ಹಚ್ಚುವ ಗುಂಪಿಗೆ ಸೇರಿದವರು. ಐವತ್ತರ ಆಸುಪಾಸಿನ ಈ ತಾಯಿಯ ಯಜಮಾನರು ದರ್ಜಿ. ಅವರು ತೀರಿಕೊಂಡು ಆರು ವರ್ಷಗಳಾದವು. ಅಂದಿನಿಂದ ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿ, ಅದರ ಮೇಲೆ ಹಾಸಿಗೆಯ ಸುರುಳಿ ಇಟ್ಟಿದ್ದರು. ಮಗಳಿಗೆ ಕಾಲೇಜಿನ ಕಡೆಯ ವರ್ಷದ ಶುಲ್ಕ ಕಟ್ಟಬೇಕಾಗಿ ಬಂದಾಗ ಗಾಡಿಯವನನ್ನು ಕರೆದರು. ಅವನು ಯಂತ್ರವನ್ನು ತಕ್ಕಡಿಗೆ ಏರಿಸಿ, ಬೀಡುಕಬ್ಬಿಣದ ದರ ಹೇಳಿದ. ಆ ಮೊತ್ತದಲ್ಲಿ ಶುಲ್ಕದ ಕಾಲು ಪಾಲೂ ಹುಟ್ಟುತ್ತಿರಲಿಲ್ಲ. ಕೊಡಬೇಕೋ ಬೇಡವೋ ಎಂಬ ಹೊಯ್ದಾಟದಲ್ಲಿರುವಾಗ ಪಕ್ಕದ ಮನೆಯವರೊಬ್ಬರು, ಯಂತ್ರ ರಿಪೇರಿಯ ಮಿಸ್ತ್ರಿಗೆ ಒಮ್ಮೆ ತೋರಿಸಿರಿ ಎಂದರು. ಗಾಡಿಯವನು ಗೊಣಗುತ್ತ ಇಳಿಸಿ ಹೋದ.

ಮಿಸ್ತ್ರಿಯ ಅಂಗಡಿ ಒಬ್ಬ ಮನುಷ್ಯ ಕಾಲು ಚಾಚಿದರೆ ತುಂಬಿಹೋಗುವಷ್ಟು ಚಿಕ್ಕದು. ಅಲ್ಲಿ ನಾವು ನಾಲ್ಕಾರು ಮಧ್ಯಾಹ್ನಗಳನ್ನು ಕಳೆದೆವು.

ಯಂತ್ರದ ಕಂಬದ ಬುಡದಲ್ಲಿ ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದಿದೆ. ಅದರ ಮೇಲೆ 31 ಎಂಬ ಅಂಕೆ, ಅದರ ಮುಂದೆ 'ಕೆ' ಎಂಬ ಅಕ್ಷರ. ಸಿಂಗರ್ ಕಂಪನಿಯ ವಾಡಿಕೆಯಲ್ಲಿ ಆ ಅಕ್ಷರವೆಂದರೆ ಕಿಲ್ಬೋವಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿ 1880ರ ದಶಕದಲ್ಲಿ ಎದ್ದ ಬೃಹತ್ ಕಾರ್ಖಾನೆಯ ಹೆಸರು. 1913ರಲ್ಲಿ ಆ ಒಂದೇ ಕಾರ್ಖಾನೆಯಿಂದ ಹದಿಮೂರು ಲಕ್ಷ ಯಂತ್ರಗಳು ಹೊರಬಿದ್ದವು. ಅಲ್ಲಿನ ಗಡಿಯಾರದ ಗೋಪುರ ಹಡಗಿನವರಿಗೂ ಗುರುತಾಗಿತ್ತೆನ್ನುತ್ತಾರೆ. ಗೋಪುರವನ್ನು 1963ರಲ್ಲಿ ಕೆಡವಿದರು. ಕಾರ್ಖಾನೆ 1980ರಲ್ಲಿ ಮುಚ್ಚಿತು. ಗಿರಣಿ ಮುಚ್ಚುವುದೆಂದರೇನೆಂದು ಬಲ್ಲ ನಮ್ಮ ಊರಿನವರಿಗೆ ಆ ಊರಿನ ದುಃಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾತ್ಮಾ ಗಾಂಧಿಯವರು ಯಂತ್ರಗಳ ವಿರೋಧಿಗಳೆಂದು ಲೋಕ ತಿಳಿದಿದ್ದ ಕಾಲದಲ್ಲಿ, 1924ರ ಒಂದು ಸಂವಾದದಲ್ಲಿ, ತಾವು ವಿನಾಯಿತಿ ಕೊಡುವ ಯಂತ್ರವೊಂದಿದೆ ಎಂದು ಹೇಳಿ ಸಿಂಗರ್ ಹೊಲಿಗೆ ಯಂತ್ರದ ಹೆಸರು ತೆಗೆದುಕೊಂಡಿದ್ದರು. ಹೆಂಡತಿ ಕೈಯಿಂದ ಹೊಲಿಯುತ್ತ ದಣಿಯುವುದನ್ನು ಕಂಡು ಪ್ರೀತಿಯಿಂದ ಸಿಂಗರ್ ಅದನ್ನು ನಿರ್ಮಿಸಿದನೆಂಬ ಕಥೆಯನ್ನು ಅವರು ನಂಬಿದ್ದರು. 1851ರಲ್ಲಿ ಪೇಟೆಂಟು ಪಡೆದ ಐಸಾಕ್ ಮೆರಿಟ್ ಸಿಂಗರನ ಸಂಸಾರದ ಕಥೆ ಅಷ್ಟು ಸರಳವಲ್ಲ. ಒಂದಕ್ಕಿಂತ ಹೆಚ್ಚು ಸಂಸಾರಗಳಿದ್ದ ಆಸಾಮಿ ಅವನು. ಇರಲಿ. ಯಂತ್ರ ಮನುಷ್ಯನ ಕೈಕಾಲುಗಳನ್ನು ಕಸಿಯಬಾರದು ಎಂಬ ಗಾಂಧೀಜಿಯ ಮಾತಿಗೂ, ಮುಂದೆ ನಾವು ಹೇಳಲಿರುವ ಮೋಟಾರಿನ ವಾದಕ್ಕೂ ಸಂಬಂಧವುಂಟು.

ತಾಯಿ ಮಗಳು ಯಂತ್ರವನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದಾಗ ಕೈಚಕ್ರ ಒಂದು ಕೂದಲಿನಷ್ಟೂ ತಿರುಗುತ್ತಿರಲಿಲ್ಲ. ಮಗಳು ಸುತ್ತಿಗೆಯ ಹಿಡಿಯಿಂದ ಚಕ್ರಕ್ಕೆ ಮೆಲ್ಲಗೆ ಒಂದು ಪೆಟ್ಟು ಹಾಕಿದಳು.

"ಬಡೀಬ್ಯಾಡ ತಂಗೀ," ಎಂದರು ಮಿಸ್ತ್ರಿ. "ಬೀಡು ಅದು. ಬಾಗೂದಿಲ್ಲ, ಒಡೀತದ. ಇದು ತುಕ್ಕು ಹಿಡದಿಲ್ಲ, ಎಣ್ಣಿ ಹಿಡದದ." ಅನಂತರ ತಾಯಿಯತ್ತ ತಿರುಗಿ, "ಯಕ್ಕಾ, ಇದಕ ಅಡಿಗಿ ಎಣ್ಣಿ ಹಾಕೀರೇನ್ರಿ?" ಎಂದು ಕೇಳಿದರು.

"ಅವರು ಹೋದ ಮ್ಯಾಲ ಕಿರುಗುಟ್ಟತದ ಅಂತ ಒಂದೆರಡು ಸಲ ಕುಸುಬಿ ಎಣ್ಣಿ ಬಿಟ್ಟಿದ್ದೆ ನೋಡ್ರಿ. ಮನ್ಯಾಗ ಅದ ಇತ್ತು."

ಮಿಸ್ತ್ರಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಈ ಭಾಗದ ಮನೆಗಳಿಗೆಲ್ಲ ಅನ್ವಯಿಸುವ ಮಾತಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕುಸುಬಿ ಎಣ್ಣೆ ಗಾಳಿಗೆ ತೆರೆದಿಟ್ಟರೆ ಒಣಗಿ ಗಟ್ಟಿಯಾಗುವ ಜಾತಿಯದು. ಅಗಸೆ ಎಣ್ಣೆಯಂತೆ ಅದನ್ನೂ ಬಣ್ಣ, ವಾರ್ನಿಷುಗಳಲ್ಲಿ ಬಳಸುವುದು ಈ ಗುಣದಿಂದಲೇ. ಒಗ್ಗರಣೆಗೆ ಅದು ಅಮೃತ. ಯಂತ್ರದ ಸಂದಿಗೆ ಅದೇ ಅಂಟು. ಮೊದಲ ವಾರ ಚಕ್ರ ಹಗುರಾಗಿ ತಿರುಗಿದಂತೆ ಅನಿಸುತ್ತದೆ; ತಿಂಗಳುಗಳು ಕಳೆದಂತೆ ಎಣ್ಣೆ ಹಳದಿ ಅರಗಿನಂತಾಗಿ, ಅದರ ಮೇಲೆ ಅರಿವೆಯ ಧೂಳು ಕುಳಿತು, ಕೊನೆಗೆ ಉಕ್ಕನ್ನೂ ಉಕ್ಕನ್ನೂ ಬೆಸೆದುಬಿಡುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳು ಇಷ್ಟು ಬೇಗ ಗಟ್ಟಿಯಾಗದಿದ್ದರೂ ಅವೂ ಯಂತ್ರಕ್ಕಲ್ಲ. ಹೊಲಿಗೆ ಯಂತ್ರದ ಎಣ್ಣೆಯೆಂದು ಮಾರುವ ತೆಳ್ಳನೆಯ ಬಿಳಿ ಎಣ್ಣೆ ಖನಿಜ ತೈಲ. ಅದು ಒಣಗಿ ಅಂಟಾಗುವುದಿಲ್ಲ. ಒಂದು ಚಿಕ್ಕ ಶೀಸೆಯ ಬೆಲೆ ಉಳಿಸಹೋಗಿ ಯಂತ್ರವನ್ನೇ ಕಳೆದುಕೊಂಡ ಮನೆಗಳು ಎಷ್ಟಿವೆಯೋ!

ಅಂಟು ಬಿಡಿಸಲು ಮಿಸ್ತ್ರಿ ಅವಸರ ಮಾಡಲಿಲ್ಲ. ಯಂತ್ರವನ್ನು ಮಗ್ಗುಲಾಗಿ ಮಲಗಿಸಿ, ಎಣ್ಣೆ ಬಿಡುವ ಪ್ರತಿಯೊಂದು ರಂಧ್ರಕ್ಕೂ ಸೀಮೆಎಣ್ಣೆಯ ಹನಿ ಬಿಟ್ಟು, ರಾತ್ರಿಯಿಡೀ ಹಾಗೆಯೇ ಬಿಟ್ಟರು. ಸೀಮೆಎಣ್ಣೆ ಸಿಗದ ಕಡೆ ಡೀಸೆಲ್ ಆದೀತು. ಎರಡಕ್ಕೂ ಒಲೆಯ, ಬೀಡಿಯ ಸಹವಾಸ ಕೂಡದು, ಕಿಟಕಿ ತೆರೆದಿರಬೇಕು. ಮರುದಿನ ಕೈಚಕ್ರ ಒಂದು ಬೆರಳಗಲ ಅಲ್ಲಾಡಿತು. ಬಲ ಹಾಕದೆ ಹಿಂದಕ್ಕೂ ಮುಂದಕ್ಕೂ ಆಡಿಸಿ ಮತ್ತೆ ಹನಿ ಬಿಟ್ಟರು. ಮೂರನೆಯ ದಿನ ಮಧ್ಯಾಹ್ನ ಚಕ್ರ ಪೂರ್ತಿ ಒಂದು ಸುತ್ತು ಬಂದಿತು. ಕಂದು ಬಣ್ಣದ ಕೊಳೆ ಸೂಜಿಯ ದಂಡದ ಕೆಳಗೆ ಇಳಿಯುತ್ತಿತ್ತು. ಅದೆಲ್ಲ ಒರೆಸಿ, ಸೀಮೆಎಣ್ಣೆ ಹೊರಹೋಗುವವರೆಗೆ ಬಿಳಿ ಎಣ್ಣೆ ಬಿಟ್ಟರು. ಸೀಮೆಎಣ್ಣೆ ತೊಳೆಯುವುದಕ್ಕೆ ಮಾತ್ರ. ಅದನ್ನೇ ಉಳಿಸಿ ಯಂತ್ರ ಓಡಿಸಿದರೆ ಕೀಲುಗಳು ಒಣಗಿಯೇ ತಿಕ್ಕಾಡುತ್ತವೆ.

ಹೊರಮೈ ಒರೆಸುವಾಗಲೂ ಒಂದು ಎಚ್ಚರ ಬೇಕು. ಹಳೆಯ ಸಿಂಗರ್ ಯಂತ್ರಗಳ ಹೊನ್ನಿನ ಅಕ್ಷರ, ಬಳ್ಳಿಗಳ ಮೇಲೆ ಅರಗಿನ ವಾರ್ನಿಷಿನ ತೆಳು ಪದರವಿರುತ್ತದೆ. ಸ್ಪಿರಿಟ್ ತಾಗಿಸಿದರೆ ಅದು ಕರಗಿ ಅಕ್ಷರಗಳೂ ಬಟ್ಟೆಗೆ ಬರುತ್ತವೆ. ಹೊಸದಾಗಿ ಬಣ್ಣ ಬಳಿಸುವ ಉತ್ಸಾಹಿಗಳೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಅನವಶ್ಯಕ. ಬಣ್ಣ ಹೊಲಿಯುವುದಿಲ್ಲ, ಜೊತೆಗೆ ಎಣ್ಣೆಯ ರಂಧ್ರಗಳನ್ನು ಅದು ಮುಚ್ಚಿಬಿಡುತ್ತದೆ.

ಇನ್ನು ಮುಖ್ಯ ಪ್ರಶ್ನೆ: ಇಂಥ ಯಂತ್ರಕ್ಕೆ ಹಣ ಹಾಕುವುದು ಯೋಗ್ಯವೇ? ಮಿಸ್ತ್ರಿ ಇದನ್ನು ನಿರ್ಧರಿಸುವ ರೀತಿ ವೈದ್ಯರ ನಾಡಿಪರೀಕ್ಷೆಯನ್ನು ಹೋಲುತ್ತದೆ. ಮೊದಲು ಬೀಡಿನ ಮೈಯಲ್ಲೆಲ್ಲಾದರೂ ಬಿರುಕಿದೆಯೇ ಎಂದು ಬೆರಳಿನಿಂದ ಬಡಿದು, ಕಣ್ಣಿನಿಂದ ನೋಡಿದರು. ಬಿರುಕಿದ್ದರೆ ಅಲ್ಲಿಗೇ ಮುಗಿಯಿತು, ತಕ್ಕಡಿಯವನೇ ಗತಿ. ಬಳಿಕ ಸೂಜಿಯ ದಂಡವನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿದರು. ಕೈಚಕ್ರವನ್ನು ಹೊರಕ್ಕೂ ಒಳಕ್ಕೂ ಎಳೆದು ಮುಖ್ಯ ದಂಡದಲ್ಲಿ ಸಡಿಲವಿದೆಯೇ ಎಂದು ನೋಡಿದರು. ಎರಡೂ ಬಿಗಿಯಾಗಿದ್ದವು. ಹಾಗಿದ್ದರೆ ಉಳಿದದ್ದೆಲ್ಲ ಬದಲಾಯಿಸಬಹುದಾದ ಸಾಮಾನು. ಹಳೆಯ ಯಂತ್ರಗಳ ವಿಚಾರದಲ್ಲಿ ಜನರಿಗಿರುವ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿಯೇ ಇದೆ. ಸವೆಯುವುದು ಕಬ್ಬಿಣದ ದೇಹವಲ್ಲ, ದಾರ ಮತ್ತು ಅರಿವೆ ತಾಗುವ ಅಂಗುಷ್ಠದಷ್ಟು ಚಿಕ್ಕ ಭಾಗಗಳು. ನೂಲಿನ ದಾರ ಉಕ್ಕನ್ನು ಕೊರೆಯುತ್ತದೆಂದರೆ ಯಾರು ನಂಬುತ್ತಾರೆ? ಬಾವಿಯ ಕಲ್ಲನ್ನು ಹಗ್ಗ ಕೊರೆದಂತೆ, ದಾರ ಹಿಡಿಯುವ ಬಿಲ್ಲೆಗಳ ಮೇಲೆ ಗೆರೆ ಬಿದ್ದಿದ್ದುದನ್ನು ಮಿಸ್ತ್ರಿ ನಮಗೆ ತೋರಿಸಿದರು.

ಆ ಬಿಲ್ಲೆಗಳನ್ನೂ ಅವುಗಳ ಪಕ್ಕದ ಚಿಕ್ಕ ಸ್ಪ್ರಿಂಗನ್ನೂ ಬದಲಾಯಿಸಿದರು. ಅರಿವೆಯನ್ನು ಮುಂದೆ ತಳ್ಳುವ ಹಲ್ಲುಗಳು ಮೊಂಡಾಗಿದ್ದವು. ಅವನ್ನೂ, ಸೂಜಿಯ ರಂಧ್ರ ಅಗಲವಾಗಿಹೋಗಿದ್ದ ತಟ್ಟೆಯನ್ನೂ ಬದಲಿಸಿದರು. ಹಲ್ಲು ಮತ್ತು ತಟ್ಟೆಯನ್ನು ಜೊತೆಯಾಗಿಯೇ ಕೊಳ್ಳಬೇಕು. ಒಂದು ಹೊಸದು, ಒಂದು ಹಳೆಯದಾದರೆ ಎರಡೂ ತಿಕ್ಕಾಡುವುದುಂಟು. ಬಾಬಿನ್ ಕೇಸಿನ ಒಳಗೆ ತುಕ್ಕಿನ ಚುಕ್ಕೆಗಳಿದ್ದವು, ಅದೂ ಹೋಯಿತು. ಈ ಸಾಮಾನುಗಳೆಲ್ಲ ಇಂದಿಗೂ ಲುಧಿಯಾನಾದಿಂದ ಬರುತ್ತವೆ. ಎಲ್ಲವೂ ಒಂದೇ ಗುಣದವಲ್ಲ. ಹೊಸ ಹಲ್ಲನ್ನು ಕೊಳ್ಳುವ ಮುನ್ನ ಅಂಚುಗಳ ಮೇಲೆ ಉಗುರು ಎಳೆದು ನೋಡಬೇಕು. ಗರಗಸದಂತೆ ಒರಟಾಗಿದ್ದರೆ ತೆಳು ಅರಿವೆಯ ಎಳೆ ಕಿತ್ತುಬರುತ್ತದೆ.

ಶಟಲನ್ನು ಮಾತ್ರ ಮಿಸ್ತ್ರಿ ಬದಲಾಯಿಸಲಿಲ್ಲ. ಅದರ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, ನುಣುಪು ಕಲ್ಲಿನ ಮೇಲೆ ಎರಡು ಸಲ ಎಳೆದರು. "ಇದು ಮೂಲ ಉಕ್ಕು. ಹೊಸಾದು ಹಾಕಿದ್ರ ಇದರಷ್ಟು ಬಾಳೂದಿಲ್ರಿ," ಎಂದರು. ಶಟಲು ಕೂರುವ ಓಣಿಯಲ್ಲಿ ಸಿಕ್ಕಿಕೊಂಡಿದ್ದ ದಾರದ ತುಣುಕುಗಳನ್ನು ಚಿಮಟಿಗೆಯಿಂದ ತೆಗೆದಾಗ ಬಿಳಿ, ಖಾಕಿ, ನೀಲಿ ಎಳೆಗಳು ಬಂದವು. ತಾಯಿಯವರು ಅವನ್ನು ಕೈಗೆ ತೆಗೆದುಕೊಂಡು ಸುಮ್ಮನೆ ನೋಡಿದರು. ಯಜಮಾನರು ಕೊನೆಗೆ ಹೊಲಿದ ಅಂಗಿ ನೀಲಿಯದಂತೆ.

ಸೂಜಿ ಮತ್ತು ಶಟಲಿನ ಮೇಳವೇ ಹೊಲಿಗೆ ಯಂತ್ರದ ಪ್ರಾಣ. ಸೂಜಿ ಅರಿವೆಯ ಕೆಳಗೆ ಪೂರ್ತಿ ಇಳಿದು, ಮತ್ತೆ ಸುಮಾರು 2 ಮಿಲಿಮೀಟರಿನಷ್ಟು ಮೇಲೇಳುವಾಗ ದಾರ ಹಿಂಬದಿಯಲ್ಲಿ ಪುಟ್ಟ ಕುಣಿಕೆಯಾಗುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಶಟಲಿನ ಮೊನೆ ಬಂದು, ಸೂಜಿಯ ಕಣ್ಣಿಗಿಂತ ತುಸು ಮೇಲೆ, ಆ ಕುಣಿಕೆಯನ್ನು ಹಿಡಿಯಬೇಕು. ಕ್ಷಣ ಮೊದಲಾದರೆ ಕುಣಿಕೆಯೇ ಇಲ್ಲ. ತಡವಾದರೆ ಅದು ವಾಲಿಹೋಗಿರುತ್ತದೆ. ಎರಡರಲ್ಲಿಯೂ ಹೊಲಿಗೆ ತಪ್ಪುತ್ತದೆ. ಯಂತ್ರ ಕೆಟ್ಟಿತೆಂದು ಬರುವ ದೂರುಗಳಲ್ಲಿ ಅನೇಕಕ್ಕೆ ಕಾರಣ ಇದೂ ಅಲ್ಲ, ತಪ್ಪು ಸೂಜಿ. ಮನೆಬಳಕೆಯ ಯಂತ್ರದ ಸೂಜಿಯ ತಲೆ ಒಂದು ಬದಿಗೆ ಚಪ್ಪಟೆ. ದರ್ಜಿಯ ಈ ಯಂತ್ರದ್ದು ಪೂರ್ತಿ ದುಂಡು. ದುಂಡಾಗಿರುವುದರಿಂದ ಅದು ಯಾವ ದಿಕ್ಕಿಗಾದರೂ ಕೂರುತ್ತದೆ. ಆದರೆ ಉದ್ದ ಗಾಡಿ ದಾರ ಒಳಹೋಗುವ ಬದಿಗೇ ಇರಬೇಕು. ಸಮವಸ್ತ್ರದ ಅಂಗಿಗೆ 14 ಅಥವಾ 16ನೆಯ ನಂಬರು, ದಪ್ಪ ಪ್ಯಾಂಟಿಗೆ 18.

ಇಲ್ಲಿಗೆ ಯಂತ್ರ ಮೊದಲಿನಂತಾಯಿತು. ಆದರೆ ಮೊದಲಿನಂತಾದರೆ ಸಾಲದೆಂಬುದೇ ನಿಜವಾದ ತೊಡಕು. ಗಂಟು ಕೊಡುವ ವ್ಯಾಪಾರಿ, ಕಾಲಿನಿಂದ ತುಳಿಯುವ ಯಂತ್ರವಾದರೆ ಕೊಡುವುದಿಲ್ಲ, ಮೋಟಾರು ಇರಬೇಕು ಎಂದಿದ್ದ. ತಾಯಿಯವರಿಗೆ ಮೊಣಕಾಲಿನ ನೋವು ಬೇರೆ.

ಯಾವ ಮೋಟಾರು? ಇದರ ಮೇಲೆ ಅಂಗಡಿಯಲ್ಲಿ ಅರ್ಧ ದಿನ ವಾದ ನಡೆಯಿತು. ಹಳೆಯ ಪದ್ಧತಿಯ ಕ್ಲಚ್ ಮೋಟಾರು ಅಗ್ಗ. ಸೆಕೆಂಡ್ ಹ್ಯಾಂಡ್ ಆಗಿಯೂ ಸಿಗುತ್ತದೆ. ಅದು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ. ಗುಂಡಿ ಒತ್ತಿದ ಗಳಿಗೆಯಿಂದ ಆರಿಸುವವರೆಗೆ, ಹೊಲಿಯಲಿ ಬಿಡಲಿ, ಗುಂಯ್‌ಗುಡುತ್ತಲೇ ಇರುತ್ತದೆ. ಪೆಡಲು ತುಳಿದಾಗ ಘರ್ಷಣೆಯ ಬಿಲ್ಲೆ ಕೂಡಿಕೊಂಡು ಯಂತ್ರ ಚಿಮ್ಮುತ್ತದೆ. ಅದನ್ನು ನಿಧಾನವಾಗಿ ನಡೆಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಸರ್ವೋ ಮೋಟಾರು ಹಾಗಲ್ಲ. ಪೆಡಲು ಒತ್ತಿದಾಗಷ್ಟೇ ತಿರುಗುತ್ತದೆ, ಒತ್ತಿದಷ್ಟೇ ವೇಗ, ಕಾಲು ತೆಗೆದರೆ ನಿಶ್ಶಬ್ದ. ಮೇಲಿನ ವೇಗದ ಮಿತಿಯನ್ನು ಗುಂಡಿಯಿಂದ ಮೊದಲೇ ಗೊತ್ತುಮಾಡಿಡಬಹುದು. ಬೆಲೆ ಹೆಚ್ಚು, ಆದರೆ ಸುಮ್ಮನೆ ಕುಳಿತಾಗ ವಿದ್ಯುತ್ತನ್ನು ಸುಡುವುದಿಲ್ಲ.

ಮಗಳು ವೇಗದ ಪರ. ಈಗಿನ ಕಾರ್ಖಾನೆಯ ಯಂತ್ರಗಳು ನಿಮಿಷಕ್ಕೆ 5,000 ಹೊಲಿಗೆ ಹಾಕುತ್ತವೆ, ನಮ್ಮದೇಕೆ ಆಗದು ಎಂದು ಅವಳ ಪ್ರಶ್ನೆ. ಮಿಸ್ತ್ರಿ ಶಟಲನ್ನು ತೋರಿಸಿ ಉತ್ತರಿಸಿದರು. ಹೊಸ ಯಂತ್ರದ ಕೊಕ್ಕೆ ಒಂದೇ ದಿಕ್ಕಿಗೆ ಸುತ್ತುತ್ತದೆ. ಇದರ ಶಟಲು ತೊಟ್ಟಿಲಿನಂತೆ ಹೋಗಿ ಹಿಂದಿರುಗುತ್ತದೆ. ಪ್ರತಿ ಹೊಲಿಗೆಗೂ ನಿಂತು ದಿಕ್ಕು ಬದಲಾಯಿಸಬೇಕು. ಆದ್ದರಿಂದ ನಿಮಿಷಕ್ಕೆ ಸುಮಾರು 2,200 ಹೊಲಿಗೆಯೇ ಇದರ ಎಲ್ಲೆ. ಎಣ್ಣೆಯೂ ತಾನಾಗಿ ಹರಿಯುವುದಿಲ್ಲ, ಕೈಯಿಂದ ಬಿಟ್ಟಷ್ಟೇ. ಎಲ್ಲೆ ಮೀರಿದರೆ ನೂರು ವರ್ಷ ಬಾಳುವುದು ನೂರು ದಿನಕ್ಕೆ ಮುಗಿಯುತ್ತದೆ.

ಲೆಕ್ಕ ಸರಳ. ಮೋಟಾರಿನ ಸುತ್ತನ್ನು ಮೋಟಾರಿನ ಪುಲ್ಲಿಯ ವ್ಯಾಸದಿಂದ ಗುಣಿಸಿ, ಕೈಚಕ್ರದ ಬೆಲ್ಟಿನ ಗಾಡಿಯ ವ್ಯಾಸದಿಂದ ಭಾಗಿಸಿದರೆ ಯಂತ್ರದ ವೇಗ ಬರುತ್ತದೆ. ಗಾಡಿ 75 ಮಿಲಿಮೀಟರ್ ಇದ್ದು, 1,440 ಸುತ್ತಿನ ಕ್ಲಚ್ ಮೋಟಾರಿಗೆ 110 ಮಿಲಿಮೀಟರಿನ ಪುಲ್ಲಿ ಹಾಕಿದರೆ 2,112 ಹೊಲಿಗೆ, ಎಲ್ಲೆಯ ಅಂಚು. 50 ಮಿಲಿಮೀಟರಿನದಾದರೆ 960. ಚಿಕ್ಕ ಪುಲ್ಲಿಯಿಂದ ಇನ್ನೊಂದು ಲಾಭ: ವೇಗ ತಗ್ಗಿದಷ್ಟು ಬಲ ಹೆಚ್ಚುತ್ತದೆ, ಪ್ಯಾಂಟಿನ ನಾಲ್ಕು ಪದರ ಕೂಡುವಲ್ಲಿ ಸೂಜಿ ತಡವರಿಸುವುದಿಲ್ಲ.

ವೇಗದ ಮೋಹದ ಬಗ್ಗೆ ನಮ್ಮದೂ ಒಂದು ಮಾತು. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್ ಎಂದಿಟ್ಟುಕೊಂಡರೆ, 1,000 ಹೊಲಿಗೆಯ ವೇಗದಲ್ಲಿ ನಿಮಿಷಕ್ಕೆ ಎರಡೂವರೆ ಮೀಟರ್ ಹೊಲಿದಾಗುತ್ತದೆ. ಮಕ್ಕಳ ಪ್ಯಾಂಟಿನ ಒಂದು ಬದಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಸಮಯ ಹೋಗುವುದು ಅಂಚು ಕೂಡಿಸುವುದರಲ್ಲಿ, ಕಾಲರು ತಿರುವುವುದರಲ್ಲಿ, ಜೇಬು ಕೂರಿಸುವುದರಲ್ಲಿ. ಮನೆಯಲ್ಲಿ ಕುಳಿತು ಹೊಲಿಯುವವರಿಗೆ ಬೇಕಾದದ್ದು ಕಾಲಿನ ಮಾತು ಕೇಳುವ ಯಂತ್ರ, ಕಾಲನ್ನು ಹೆದರಿಸುವ ಯಂತ್ರವಲ್ಲ. ಕೊನೆಗೆ ತಾಯಿಯವರೇ ವಾದ ಮುಗಿಸಿದರು: "ನನಗ ಸಾವಕಾಶ ನಡಿಯೂದು ಬೇಕ್ರಿ. ಬೆರಳು ಉಳೀಬೇಕು." ಸರ್ವೋ ಮೋಟಾರೇ ನಿಶ್ಚಯವಾಯಿತು. ಮೇಲಿನ ಮಿತಿಯನ್ನು ಯಂತ್ರ 900 ಹೊಲಿಗೆ ಮೀರದಂತೆ ಗೊತ್ತುಮಾಡಿದರು. ಹಣವನ್ನು ಅವರು ಸದಸ್ಯರಾಗಿರುವ ಬಚತ ಗಟದಿಂದ, ಅಂದರೆ ಹೆಂಗಸರ ಉಳಿತಾಯ ಸಂಘದಿಂದ, ಸಾಲವಾಗಿ ಪಡೆದರು. ಸಾಮಾನು, ಮಜೂರಿ, ಮೋಟಾರು ಎಲ್ಲ ಸೇರಿಯೂ ಹೊಸ ಯಂತ್ರದ ಅರ್ಧ ಬೆಲೆಯಾಗಲಿಲ್ಲ.

ಮೋಟಾರು ಕೂಡಿಸುವಾಗಿನ ಎರಡು ಮಾತುಗಳನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬೆಲ್ಟು ಹಾಕುವ ಮುನ್ನ ಮೋಟಾರು ತಿರುಗುವ ದಿಕ್ಕನ್ನು ನೋಡಬೇಕು. ಚಕ್ರ ಹಿಂದುಮುಂದಾದರೆ ಮೊದಲ ಹೊಲಿಗೆಗೇ ದಾರ ಶಟಲಿನಲ್ಲಿ ಗಂಟಾಗುತ್ತದೆ. ಎರಡನೆಯದು ಜೀವದ ಮಾತು. ಯಂತ್ರ, ಸ್ಟ್ಯಾಂಡು, ಪೆಡಲು ಎಲ್ಲವೂ ಕಬ್ಬಿಣ. ಕೂರುವವರ ಪಾದ ಬರಿಗಾಲು. ಮಳೆಗಾಲದಲ್ಲಿ ನಮ್ಮ ಶಹಾಬಾದಿ ಕಲ್ಲಿನ ನೆಲ ತೇವ. ಮೂರು ಕಡ್ಡಿಯ ಪ್ಲಗ್ಗು, ನಿಜವಾಗಿ ನೆಲಕ್ಕೆ ಮುಟ್ಟಿದ ಅರ್ಥಿಂಗ್ ಇಲ್ಲದೆ ಮೋಟಾರು ಹಾಕಲೇಬಾರದು. ಮನೆಯ ಮೂರನೆಯ ರಂಧ್ರಕ್ಕೆ ತಂತಿಯೇ ಕೂಡಿಸಿಲ್ಲದ ಮನೆಗಳು ನಮ್ಮ ಓಣಿಗಳಲ್ಲಿ ಬೇಕಾದಷ್ಟಿವೆ. ಈ ತಾಯಿಯ ಮನೆಯೂ ಅಂಥದೇ ಆಗಿತ್ತು; ಮಿಸ್ತ್ರಿ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕಳುಹಿಸಿ, ತಂತಿ ಎಳೆದಾದ ಮೇಲೆಯೇ ಯಂತ್ರವನ್ನು ಕೊಟ್ಟರು. ಸೀರೆಯ ಸೆರಗು ಸಿಕ್ಕದಂತೆ ಬೆಲ್ಟಿಗೆ ತಗಡಿನ ಮರೆಯನ್ನೂ ಹಾಕಿದರು.

ಅಂಗಡಿಯಲ್ಲಿ ಕೊನೆಯ ಪರೀಕ್ಷೆ ನಡೆಯಿತು. ಮೇಲೆ ಕೆಂಪು ದಾರ, ಕೆಳಗೆ ಬಿಳಿ ದಾರ, ನಡುವೆ ಖಾಕಿ ಅರಿವೆಯ ಎರಡು ಪದರ. ಮೊದಲ ಗೀಟಿನಲ್ಲಿ ಕೆಳಮೈಗೆ ಕೆಂಪು ಚುಕ್ಕೆಗಳು ಇಣುಕಿದವು. ಮಿಸ್ತ್ರಿ ಮೇಲಿನ ದಾರದ ಬಿಗಿತವನ್ನು ಅರ್ಧ ಸುತ್ತು ಹೆಚ್ಚಿಸಿದರು. ಎರಡನೆಯ ಗೀಟಿನಲ್ಲಿ ಮೇಲೆ ಕೆಂಪು ಮಾತ್ರ, ಕೆಳಗೆ ಬಿಳಿ ಮಾತ್ರ. ಎರಡೂ ದಾರ ಅರಿವೆಯ ಹೊಟ್ಟೆಯೊಳಗೆ ಕೊಂಡಿ ಹಾಕಿಕೊಂಡಿದ್ದವು.

ವ್ಯಾಪಾರಿ ಮೊದಲಿಗೆ ಹನ್ನೆರಡು ಅರ್ಧ ಚಡ್ಡಿಗಳ ಚಿಕ್ಕ ಗಂಟನ್ನಷ್ಟೇ ಪರೀಕ್ಷೆಗೆಂದು ಕೊಟ್ಟ. ಮೂರನೆಯ ದಿನ ಅವು ಹೊಲಿದು ಹೋದವು. ಎರಡರ ಸೊಂಟಪಟ್ಟಿ ಸೊಟ್ಟಗಿದೆಯೆಂದು ಹಿಂದಿರುಗಿಸಿದ. ತಾಯಿಯವರು ಬಿಚ್ಚಿ ಮತ್ತೆ ಹೊಲಿದರು. ಮುಂದಿನ ಸೋಮವಾರ ಸಿಕ್ಕ ಗಂಟಿನಲ್ಲಿ ಅರವತ್ತಿದ್ದವು. ಯಂತ್ರದ ಪಕ್ಕದ ಗೂಡಿನಲ್ಲಿ ಈಗ ಬಿಳಿ ಎಣ್ಣೆಯ ಶೀಸೆಯಿದೆ. ದಿನಾಲೂ ಬೆಳಿಗ್ಗೆ ಎಲ್ಲ ರಂಧ್ರಗಳಿಗೂ ಒಂದೊಂದು ಹನಿ. ಶಟಲಿನ ಓಣಿಗೆ ಗಂಟು ಮುಗಿದಾಗಲೊಮ್ಮೆ ಬ್ರಶ್ಶು, ಇನ್ನೊಂದು ಹನಿ. ಕುಸುಬಿ ಎಣ್ಣೆಯ ಡಬ್ಬಿಯನ್ನು ಮಗಳು ಅಡಿಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಾಳೆ.